ಎಂಟು ಮೈಲಿ ಹೆಚ್ಚಿಗಿ

ಶನಿವಾರ ಮುಂಜಾನೆ ಥಾಲಿಪೆಟ್ಟಿನ ಹಿಟ್ಟು ಕಲಸಿಕೋತ ನಿಂತಿದ್ದೆ. ಉಳ್ಳಾಗಡ್ಡಿ ಹೆಚ್ಚಿ ಕಣ್ಣಾಗ ನೀರು, ಕೈ ತುಂಬ ಹಿಟ್ಟು. ಬಾಗಲದ ಸಂದಿಯಿಂದ ಟಪಾಲು ಬಿದ್ದ ಸಪ್ಪಳಾತು. ನಮ್ಮನಿಯವರು ಹೋಗಿ ತಂದ್ರು, ಒಡದ್ರು, ಓದಿದ್ರು, ಮತ್ತೊಮ್ಮೆ ಓದಿದ್ರು. ಆಮ್ಯಾಲೆ ನನ್ನ ಮಾರಿ ನೋಡಿದ್ರು.

"ಹೋದ ಗುರುವಾರ ಸಂಜಿಮುಂದ ಐದೂ ಐವತ್ತಾರಕ್ಕ ಗಾಡಿ ಯಾರ ಕಡೆ ಇತ್ತು?"

ಗುರುವಾರ ಗಾಡಿ ನನ್ನ ಕಡೆನ ಇರ್ತದ. ಅದು ಅವರಿಗೂ ಗೊತ್ತು. ಆದ್ರೂ ಕೇಳಿದ್ರು. ನಾ ಹಿಟ್ಟಿನ ಕೈ ಹಂಗ ಹಿಡಕೊಂಡು ಇಣುಕಿ ನೋಡಿದೆ. ನಮ್ಮ ಗಾಡಿ ನಂಬರು, ರಸ್ತೆ ಹೆಸರು, ಅದರ ಕೆಳಗ ಎರಡು ಅಂಕಿ. ಲಿಮಿಟ್ 30. ನೀವು 38.

ಧಾರವಾಡದಾಗ ಕೂತು ಓದೋ ಅಕ್ಕಾರಿಗೆ, ವೈನಿಯವರಿಗೆ ತಿಳೀಲಿ ಅಂತ ಹೇಳ್ತೀನಿ. ಇಲ್ಲೆ ಇಂಗ್ಲಂಡಿನಾಗ ಪೊಲೀಸರು ಅಡ್ಡ ಬಂದು ಸೀಟಿ ಊದಿ ನಿಲ್ಲಸೂದು ಕಡಿಮಿ. ರಸ್ತೆ ಬಾಜೂಕ ಕ್ಯಾಮರಾ ಇರ್ತದ, ಇಲ್ಲಾ ಕ್ಯಾಮರಾ ಇಟಗೊಂಡ ಒಂದು ವ್ಯಾನ್ ನಿಂತಿರ್ತದ. ಅದು ತನ್ನ ಪಾಡಿಗೆ ತಾ ಫೋಟೋ ತಗೀತದ, ನಾವು ಏನೂ ಅರೀದನ ಮನಿಗೆ ಬಂದು ಚಹಾ ಕುಡೀತೀವಿ. 14 ದಿವಸದೊಳಗ ಗಾಡಿ ಯಾರ ಹೆಸರಿಲೆ ಅದನೋ ಅವರಿಗೆ ಪತ್ರ ಬರ್ತದ. ಅವತ್ತ ಓಡಸ್ತಿದ್ದವರು ಯಾರು ಅಂತ ಅವರು 28 ದಿವಸದೊಳಗ ಬರದು ಕಳಸಬೇಕು. ನಮ್ಮ ಕಿಲೋಮೀಟರ್ ಲೆಕ್ಕದಾಗ ಹೇಳಬೇಕಂದ್ರ 48ರ ರಸ್ತೆದಾಗ ನಾ 61ಕ್ಕ ಹೋಗಿದ್ದೆ. "ಅಷ್ಟ ಏನು?" ಅಂತೀರಿ. ನಾನೂ ಹಂಗ ಅಂದೆ.

ನಮ್ಮನಿಯವರು ಪತ್ರ ಮಡಚಿ ಇಟ್ಟು, "ನೀ ತಲಿ ಕೆಡಸ್ಕೋಬ್ಯಾಡ. ಗಾಡಿ ನನ್ನ ಹೆಸರಿಲೇ ಅದ. ನಾನ ಓಡಸ್ತಿದ್ದೆ ಅಂತ ಬರೀತೀನಿ, ಮುಗೀತು" ಅಂದ್ರು. ಖರೇ ಹೇಳ್ತೀನಿ, ನನಗ ಹಗುರಾತು. ಎಷ್ಟು ಛಲೋ ಗಂಡ ಅಂತ ಅನಿಸ್ತು. ನಮ್ಮ ಮನಿತನದಾಗ ಇದೇನು ಹೊಸಾದಲ್ಲ ನೋಡ್ರಿ. ನಾ ಸಣ್ಣಾಕಿದ್ದಾಗ ನಮ್ಮ ಕಾಕಾ ಮಾವಿನಕಾಯಿ ಉಪ್ಪಿನಕಾಯಿ ಭರಣಿ ಕೆಡವಿ ಒಡದಿದ್ರು. ವರ್ಷದ ಉಪ್ಪಿನಕಾಯಿ. ಅಜ್ಜಿ ಬಂದು "ಯಾರದು?" ಅಂತ ಗದರಿಸಿದಾಗ ನಮ್ಮಮ್ಮ ಹಿಂದ ಮುಂದ ನೋಡದ "ನನ್ನ ಕೈಜಾರಿ ಬಿತ್ರಿ" ಅಂದುಬಿಟ್ಲು. ಬೈಗಳಾನೂ ತಿಂದ್ಲು. ಅದು ದೊಡ್ಡ ಗುಣ ಅಂತ ತಿಳಕೊಂಡ ಬೆಳದಾಕಿ ನಾನು. ಈ ಸಲ ಗಂಡ ಹೆಂಡತಿಗೆ ಮಾಡ್ಲಿಕ್ಕೆ ಹೊಂಟಿದ್ರು, ಇಷ್ಟ ಫರಕು.

ಅಷ್ಟರಾಗ ಮಗಳು ಪಾವಟಿಗಿ ಮ್ಯಾಲಿಂದ, "ಅಪ್ಪಾ, ಅದು ಜೇಲಿಗೆ ಹೋಗೋ ಕೆಲಸ" ಅಂದ್ಲು.

ಅಕಿಗೆ ಈಗ ಹದಿನೇಳು. ಇಬ್ಬರನೂ ಕೂಡಿಸಿ ಕತಿ ಹೇಳಿದ್ಲು. ಇಲ್ಲೆ ಕ್ರಿಸ್ ಹ್ಯೂನ್ ಅಂತ ಮಂತ್ರಿ ಇದ್ರು. 2003ರಾಗ ಅವರ ಗಾಡಿ ಜೋರು ಹೋಗಿ ಕ್ಯಾಮರಾಕ್ಕ ಸಿಕ್ಕಿತ್ತು. ಅವರ ಹೆಂಡತಿ ವಿಕಿ ಪ್ರೈಸ್, ಆಕೀನೂ ದೊಡ್ಡ ಅರ್ಥಶಾಸ್ತ್ರಜ್ಞೆ, ಓಡಸ್ತಿದ್ದಾಕಿ ನಾನು ಅಂತ ಹೇಳಿ ಗಂಡನ ಪಾಯಿಂಟು ತನ್ನ ಲೈಸನ್ಸಿನ ಮ್ಯಾಲೆ ತಗೊಂಡ್ರು. ಮುಂದ ಗಂಡಾ ಹೆಂಡತಿ ಬ್ಯಾರೆ ಆದ್ರು, ಮಾತು ಹೊರಗ ಬಂತು. ಮಂತ್ರಿ ಪದವಿ ಹೋತು. 2013ರ ಮಾರ್ಚಿನಾಗ ಇಬ್ಬರಿಗೂ ಎಂಟೆಂಟು ತಿಂಗಳ ಜೇಲು ಆತು. ಜೋರು ಓಡಿಸಿದ್ದಕ್ಕಲ್ಲ, ಸುಳ್ಳು ಬರದಿದ್ದಕ್ಕ. ಸುಮ್ನ ಒಪ್ಪಿಕೊಂಡಿದ್ರ ಜೇಲಿನ ಮಾತ ಬರ್ತಿರಲಿಲ್ಲ.

ನಮ್ಮನಿಯವರು ಪೆನ್ನು ತಗೊಂಡು ನನ್ನ ಹೆಸರು ಬರದ್ರು. ಥಾಲಿಪೆಟ್ಟು ಅವತ್ತ ಹೊತ್ತಿದ್ವು.

ಆಮ್ಯಾಲೆ ನನ್ನ ಹೆಸರಿಗೇ ಒಂದು ಪತ್ರ ಬಂತು. ಹೌದು, ನಾನ ಓಡಸ್ತಿದ್ದೆ ಅಂತ ಒಪ್ಪಿ ಕಳಿಸಿದೆ. ಮತ್ತೊಂದು ಬಂತು. ಅದರಾಗ ಮೂರು ದಾರಿ ಕೊಟ್ಟಿದ್ರು. 100 ಪೌಂಡ್ ದಂಡ ಕಟ್ಟಿ ಲೈಸನ್ಸಿನ ಮ್ಯಾಲೆ 3 ಪಾಯಿಂಟು ತಗೋಬೇಕು, ಇಲ್ಲಾ ಕೋರ್ಟಿಗೆ ಹೋಗಬೇಕು, ಇಲ್ಲಾ ಸ್ಪೀಡ್ ಅವೇರ್‌ನೆಸ್ ಕೋರ್ಸಿಗೆ ಕೂಡಬೇಕು. ಕೋರ್ಸು ಎಲ್ಲಾರಿಗೂ ಕೊಡೂದಿಲ್ಲ. 30ರ ರಸ್ತೆದಾಗ 42ರ ತನಕ ಹೋದವರಿಗೆ ಅಷ್ಟ, ಅದೂ ಹಿಂದಿನ ಮೂರು ವರ್ಷದಾಗ ಒಮ್ಮೆ ಕೂತಿರಬಾರದು. ಅದಕ್ಕೂ ರೊಕ್ಕ ನಾವ ಕೊಡಬೇಕು, ಹೆಚ್ಚುಕಡಿಮಿ ದಂಡದಷ್ಟ ಆಗ್ತದ. ಆದ್ರ ಪಾಯಿಂಟು ಬೀಳೂದಿಲ್ಲ. ನಾ ಕೋರ್ಸ್ ಅಂತ ಒತ್ತಿದೆ.

ಅತ್ತಿಯವರು ಮಂಗಳವಾರ ಸಂಜಿಮುಂದ ವಿಡಿಯೋ ಕಾಲ್ ಮಾಡ್ತಾರ. ಆ ಮಂಗಳವಾರ ನನಗ ಆಫೀಸಿನ ಟ್ರೇನಿಂಗ್ ಅದ ಅಂತ ಹೇಳಿದೆ. ಅತ್ತಿಯವರ, ಅದು ಆಫೀಸಿನ ಟ್ರೇನಿಂಗ್ ಅಲ್ಲಾಗಿತ್ರಿ. ಇದನ್ನ ನಿಮಗ ಯಾರರೆ ಓದಿ ಹೇಳತಿರಬೇಕು, ಸಿಟ್ಟಾಗಬ್ಯಾಡ್ರಿ.

ಕೋರ್ಸು ಝೂಮಿನಾಗ. ಎರಡೂವರಿ ತಾಸಿನ ಮ್ಯಾಲಾತು. ಖೋಲಿಯೊಳಗ ಒಬ್ಬರ ಇರಬೇಕು, ಕ್ಯಾಮರಾ ಚಾಲೂ ಇರಬೇಕು, ಲೈಸನ್ಸ್ ತೋರಿಸಬೇಕು, ನಡು ಎದ್ದು ಹೋಗಂಗಿಲ್ಲ. ತಡಾ ಮಾಡಿ ಬಂದ್ರ ಒಳಗ ಬಿಡೂದಿಲ್ಲ. ಜೋರು ಓಡಿಸಿ ಸಿಕ್ಕವರಿಗೆ ಇದೇನು ಚೇಷ್ಟಿನೋ ಅನಿಸ್ತು. ನಾ ಮಲಗೋ ಖೋಲಿಯೊಳಗ ಇಸ್ತ್ರಿ ಮಾಡೋ ಮಣಿ ಮ್ಯಾಲೆ ಲ್ಯಾಪ್‌ಟಾಪ್ ಇಟಗೊಂಡು ಕೂತೆ. ಹಿಂದ ಒಗದ ಅರಿಬಿ ಗುಡ್ಡ ಕಾಣಬಾರದು ಅಂತ ಅದರ ಮ್ಯಾಲೆ ಇಳಕಲ್ ಸೀರಿ ಹೊಚ್ಚಿದ್ದೆ. ಎಲ್ಲಾರೂ ಬೈತಾರ, ಮಾರಿ ತಗ್ಗಸಕೊಂಡು ಕೂಡೂದು ಅಂತ ತಯಾರಿ ಮಾಡಕೊಂಡಿದ್ದೆ.

ಹತ್ತು ಮಂದಿ ಇದ್ವಿ. ನಳದ ಕೆಲಸ ಮಾಡೋ ಒಬ್ಬಾಂವ, ರಿಟೈರ್ ಆದ ಸಾಲಿ ಟೀಚರ್ ಒಬ್ಬಾಕಿ, 20ರ ರಸ್ತೆದಾಗ 27 ಹೋಗಿ ಸಿಕ್ಕಿದ್ದ ಒಂದು ಸಣ್ಣ ಹುಡುಗಿ. ಕಲಸಾಂವ ಬೈಲಿಲ್ಲ. ಪರೀಕ್ಷಾನೂ ಇರಲಿಲ್ಲ. ಅವ ಮೊದಲ ಕೇಳಿದ ಪ್ರಶ್ನೆ ಇಷ್ಟ: ಅವತ್ತ ನಿಮಗ ಏನು ಅವಸರ ಇತ್ತು?

ಒಬ್ಬಾಂವ ಎಲ್ಲಾರೂ ಹಂಗ ಹೊಂಟಿದ್ರು ಅಂದ. ಒಬ್ಬಾಂವ ರಸ್ತೆ ಖಾಲಿ ಇತ್ತು ಅಂದ. ಟೀಚರಮ್ಮ, ಹಾಡು ಕೇಳಕೋತ ಹೊಂಟಿದ್ದೆ, ಮರತೆ ಅಂದ್ಲು. ನನ್ನ ಪಾಳಿ ಬಂತು. ನಾ ಎಲ್ಲಾ ಬಿಚ್ಚಿ ಹೇಳಿದೆ. ಗುರುವಾರ ಮಗಳದು ವೀಣಾ ಪಾಠ, ಅಕೀನ್ನ ಕರಕೊಂಡು, ಅಲ್ಲಿಂದ ಸಣ್ಣಾಂವನ ಸಾಲಿಗೆ ಹೋಗಬೇಕು. ಸಾಲಿ ಬಿಟ್ಟ ಮ್ಯಾಲೆ ಹುಡುಗರನ್ನ ನೋಡಕೋತಾರಲ್ಲ, ಅದು ಬರೋಬ್ಬರಿ ಆರಕ್ಕ ಬಾಗಲಾ ಹಾಕ್ತದ. ತಡಾ ಆದ್ರ ಜಾದಾ ರೊಕ್ಕ. ರೊಕ್ಕಾ ಬಿಡ್ರಿ, ಆ ಬಾಯಿ ಕೋಟು ಹಾಕೊಂಡು ಕೀಲಿ ಕೈಯಾಗ ಹಿಡಕೊಂಡು ನಿಂತಿರೂದು, ನಮ್ಮ ಹುಡುಗ ಒಬ್ಬನ ಚೀಲಾ ಹಾಕೊಂಡು ಬಾಗಲದಾಗ ನಿಂತಿರೂದು, ಅದನ್ನ ನೋಡಿದ್ರ ಹೊಟ್ಟ್ಯಾಗ ಕಲಿಸಿದಂಗ ಆಗ್ತದ. ಇಷ್ಟು ಹೇಳಿ ನಾ ಉಸರು ಬಿಟ್ಟೆ. ಎಲ್ಲಾರೂ ಪಾಪ ಅನಬೇಕು ಅಂತ ನನ್ನ ಆಶಾ.

ಅವ ಪಾಪ ಅಂದ. ಆಮ್ಯಾಲೆ, ಎಷ್ಟು ದೂರ ಅಂತ ಕೇಳಿದ. ಮೂರು ಮೈಲಿ. ಎಲ್ಲಾರ ಎದುರಿಗೆ ಲೆಕ್ಕ ಮಾಡಿದ. ಮೂರು ಮೈಲಿ 30ರಾಗ ಹೋದ್ರ ಆರು ನಿಮಿಷ. 38ರಾಗ ಹೋದ್ರ ನಾಲ್ಕು ನಿಮಿಷ 44 ಸೆಕೆಂಡ್. ಉಳಿದದ್ದು 76 ಸೆಕೆಂಡ್. ಅದೂ ನಡು ಒಂದೂ ಕೆಂಪು ದೀಪ ಬರಲಿಲ್ಲ ಅಂದ್ರ.

76 ಸೆಕೆಂಡ್ ಅಂದ್ರ ಎಷ್ಟು ಹೇಳ್ರಿ? ಸಾಸಿವಿ ಸಿಡದು ಕರಿಬೇವು ಹಾಕೂತನಾ. ಅವತ್ತ ನಾ ಆರಕ್ಕ ಒಂದು ನಿಮಿಷ ಇರಬೇಕಾದ್ರ ಮುಟ್ಟಿದ್ದೆ, ಗೆದ್ದೆ ಅಂತ ಖುಷೀಲೆ ಇಳದಿದ್ದೆ. ಲಿಮಿಟಿನಾಗ ಹೋಗಿದ್ರ 16 ಸೆಕೆಂಡ್ ತಡಾ ಆಗ್ತಿತ್ತು. ಆ ಬಾಯಿ ಕೋಟಿನ ಗುಂಡಿ ಹಾಕೊಳ್ಳಿಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಹಿಡೀತದ.

ನನಗ ಭಾಳ ನಾಚಿಗಿ ಆಗಿದ್ದು ಬ್ಯಾರೆ ವಿಷಯಕ್ಕ. ಒಂದು ರಸ್ತೆ ಫೋಟೋ ತೋರಿಸಿ, ಎಲ್ಲೂ ಬೋರ್ಡ್ ಇಲ್ಲ, ಲಿಮಿಟ್ ಎಷ್ಟು ಹೇಳ್ರಿ ಅಂದ. ನಾ 40 ಅಂದೆ, ರಸ್ತೆ ಅಗಲ ಇತ್ತು. ತಪ್ಪು. ಇಂಗ್ಲಂಡಿನಾಗ ಬೀದಿ ದೀಪದ ಕಂಬ ಸಾಲಾಗಿ ಇದ್ದು, ಬ್ಯಾರೆ ಬೋರ್ಡ್ ಇಲ್ಲ ಅಂದ್ರ ಅದು 30ರ ರಸ್ತೆ. ಕಂಬಾನ ಬೋರ್ಡು. ಹನ್ನೊಂದು ವರ್ಷ ಓಡಿಸೇನ್ರಿ ಇಲ್ಲೆ, ಪರೀಕ್ಷಾ ಪಾಸಾಗೇನಿ, ಆಗ ಓದಿರಲೂಬೇಕು. ದೀಪ ಅಂದ್ರ ಬೆಳಕಿಗೆ ಅಂತ ತಿಳಕೊಂಡ ಬಿಟ್ಟಿದ್ದೆ. ಬಿಳೀ ಗುಂಡ ಬೋರ್ಡಿನ ಮ್ಯಾಲೆ ಕರೀ ಅಡ್ಡಗೆರಿ ಇರ್ತದಲ್ಲ, ಅದು ಹೆಂಗ ಬೇಕಾದ್ರೂ ಹೋಗ್ರಿ ಅಂತಲ್ಲ. ನಡು ಕಟ್ಟಿ ಇಲ್ಲದ ರಸ್ತೆದಾಗ 60, ಎರಡೂ ಕಡೆ ಬ್ಯಾರೆ ಬ್ಯಾರೆ ಮಾಡಿದ್ದ ರಸ್ತೆದಾಗ 70. ವೇಲ್ಸಿನಾಗಂತೂ 2023ರ ಸಪ್ಟೆಂಬರದಿಂದ ಮನಿಗೋಳಿರೋ ದೀಪದ ರಸ್ತೆಗೋಳು ಹೆಚ್ಚಾಗಿ 20 ಆಗ್ಯಾವ. ನಾವು ಅಲ್ಲೆ ಸಮುದ್ರ ನೋಡ್ಲಿಕ್ಕೆ ಹೋಗಿ ಬಂದೇವಿ. ಪತ್ರ ಬರಲಿಲ್ಲ, ನಶೀಬು.

ಆಮ್ಯಾಲೆ ಬ್ರೇಕಿನ ಲೆಕ್ಕ ಬಂತು. 30ರಾಗ ಹೊಂಟ ಗಾಡಿ ನಿಲ್ಲಲಿಕ್ಕೆ 23 ಮೀಟರ್ ಬೇಕು. ಅದರಾಗ 9 ಮೀಟರ್ ಬ್ರೇಕಿಗಲ್ಲ, ನಮ್ಮ ತಲಿಗೆ: ಕಣ್ಣು ನೋಡಿ, ಮನಸ್ಸಿಗೆ ತಿಳದು, ಕಾಲು ಒತ್ತೂದರಾಗ ಗಾಡಿ ಅಷ್ಟು ಮುಂದ ಹೋಗಿರ್ತದ. 40ಕ್ಕ 36 ಮೀಟರ್ ಬೇಕು. ವೇಗ ಮೂರರಾಗ ಒಂದು ಪಾಲು ಹೆಚ್ಚಾದ್ರ ದೂರ ಒಂದೂವರಿ ಪಟ್ಟು. ಇದು ಒಣಾ ರಸ್ತೆ, ಛಲೋ ಗಾಲಿ ಇದ್ದಾಗಿನ ಮಾತು. ಮಳಿ ಬಂದ್ರ ಇನ್ನೂ ಹೆಚ್ಚು. ಇಲ್ಲೆ ಮಳಿ ಯಾವಾಗ ಬರೂದಿಲ್ಲ?

30ರಾಗ ಬಂದ ಗಾಡಿ ಪೂರಾ ನಿಂತ ಜಾಗಾದಾಗ, ನಮ್ಮ 38ರ ಗಾಡಿ ಎಷ್ಟರಾಗ ಹೊಂಟಿರ್ತದ ಅಂತ ಕೇಳಿದ. ನಾನು ಎಂಟು ಅಂದೆ. ಸೀದಾ ವಜಾಬಾಕಿ. ಮೂವತ್ತೆಂಟರಾಗ ಮೂವತ್ತು ಹೋದ್ರ ಎಂಟು. ಅಲ್ಲ. 25ರ ಮ್ಯಾಲೆ ಹೊಂಟಿರ್ತದ. ಯಾಕಂದ್ರ ಮೊದಲಿನ ಅರ್ಧ ದೂರ ನಾವು ಬ್ರೇಕ್ ಒತ್ತಿರೂದ ಇಲ್ಲ, ಒತ್ತಿದ ಮ್ಯಾಲೂ ಜೋರು ಕಡಿಮಿ ಆಗೂದು ಕಡೀಕ.

ಆ ಮಾತಿಗೆ ಎಲ್ಲಾರೂ ಸುಮ್ಮನಾದ್ರು. ನಳದವನೂ ಸುಮ್ಮನಾದ.

ನಿಮ್ಮ ಪೈಕಿ ಯಾರಿಗರೆ ರಸ್ತೆದಾಗ ಏನರೆ ಆಗಿದ್ದು ಗೊತ್ತೇನು, ಹೇಳೂದಿದ್ರ ಹೇಳ್ರಿ, ಬ್ಯಾಡಾದ್ರ ಬ್ಯಾಡ ಅಂದ. ನಾ ಮೈಕ್ ತಗೀಲಿಲ್ಲ. ಹೇಳಿದ್ರ ಅವರಿಗೆ ಏನು ತಿಳೀತಿತ್ತು? ನಮ್ಮ ಹುಬ್ಬಳ್ಳಿ–ಧಾರವಾಡ ಬೈಪಾಸ್ ಅವರಿಗೆ ಗೊತ್ತಿಲ್ಲ. ಅಪ್ಪ ಆ ದಾರೀಲೆ ಹೊಂಟಾರಂದ್ರ ಅಮ್ಮ ಫೋನ್ ಬರೂತನಾ ಊಟಕ್ಕ ಕೂಡತಿರಲಿಲ್ಲ. 2021ರಾಗ ಸಂಕ್ರಾಂತಿ ಮರುದಿನ ಇಟ್ಟಿಗಟ್ಟಿ ಹತ್ರ ಆದದ್ದು ನಿಮಗೆಲ್ಲಾ ನೆನಪದ. ದಾವಣಗೆರಿಯಿಂದ ಸಾಲಿ ಗೆಳತೇರೆಲ್ಲಾ ಕೂಡಿ ಗೋವಾಕ್ಕ ಹೊಂಟಿದ್ರು. ಅವತ್ತ ನಮ್ಮ ಫ್ಯಾಮಿಲಿ ಗ್ರೂಪಿನಾಗ ಯಾರೂ ಎಳ್ಳುಬೆಲ್ಲದ ಫೋಟೋ ಹಾಕಲಿಲ್ಲ. ಅವರ್‍ಯಾರೂ ನಮಗ ಗುರ್ತಿನವರಲ್ಲ. ಆದ್ರ ಮನಿ ಕೆಲಸಾ ಎಲ್ಲಾ ಮುಗಿಸಿ, ಎಲ್ಲಾರಿಗೂ ಹೇಳಿ ಕೇಳಿ, ಎರಡು ದಿವಸ ಗೆಳತೇರ ಸಂಗಾಟ ಹೋಗೂದು ಅಂದ್ರ ಏನು ಅಂತ ಹೆಂಗಸರಿಗೆ ಗೊತ್ತಿರ್ತದ. ಅಲ್ಲೆ ತಪ್ಪು ಯಾರದು ಅನ್ನೂದು ನನ್ನ ಮಾತಲ್ಲ. ಅವತ್ತ ಟಿವಿ ನೋಡಕೋತ, ಇವರಿಗೆಲ್ಲಾ ಏನು ಅವಸರನೋ ಹಿಂಗ ಗಾಡಿ ಹೊಡೀತಾರ ಅಂತ ನಾ ದೊಡ್ಡ ದನಿಲೆ ಅಂದಿದ್ದು ನೆನಪಾತು.

ಕೋರ್ಸ್ ಮುಗಿಸಿ ಕೆಳಗಿಳದೆ. ಮಗಳು ಅನ್ನಾ ಸಾರು ಬಿಸಿ ಮಾಡಿ ಇಟ್ಟಿದ್ಲು. "ಏನು ಕಲಿಸಿದ್ರು?" ಅಂದ್ಲು. ನಾ 9 ಮೀಟರಿನ ಲೆಕ್ಕ ಹೇಳಿದೆ. ಆಕಿ ತಾಟಿನಾಗ ಬೆರಳಾಡಿಸಿಕೋತ, "ಅಮ್ಮಾ, ನೀ ಗುರುವಾರ ಹಂಗ ಹೊಂಟಾಗ ನಾ ಬಾಜೂಕ ಕೂತು ಕಾಲಿಲೆ ಬ್ರೇಕ್ ಒತ್ತತಿರ್ತೀನಿ" ಅಂದ್ಲು.

"ಯಾವಾಗಿಂದ?"

"ಮೊದಲಿಂದನೂ."

"ಹೇಳಬಾರದ?"

"ಹೇಳಿದ್ರ ನೀ ಏನಂತಿದ್ದಿ? ನೀ ಪಾಠದಿಂದ ಲಗೂನ ಹೊರಗ ಬಂದಿದ್ರ ನಾ ಯಾಕ ಜೋರು ಹೋಗ್ತಿದ್ದೆ ಅಂತಿದ್ದಿ. ಅವತ್ತೂ ಅಂದಿ."

ಅಂದಿದ್ದೆ. ಪೂರಾ ನೆನಪದ. ಆಕಿ ವೀಣಾ ಚೀಲಕ್ಕ ಹಾಕಿ ಬರೂದಕ್ಕ ಮೂರು ನಿಮಿಷ ತಡಾ ಆಗಿತ್ತು. ಗಾಡಿ ಹತ್ತಿದ ಮ್ಯಾಲೆ ನಾ ದಾರಿ ತುಂಬ ಬೈಕೋತ ಬಂದಿದ್ದೆ. ಆ ಕ್ಯಾಮರಾದ ಮುಂದ ಹಾಯ್ದಾಗೂ ಬೈತಿದ್ದೆ ಅಂತ ಕಾಣ್ತದ. ಮನಿಗೆ ಪತ್ರ ಬಂದಾಗ ಆಕಿ ಅಷ್ಟು ಕತಿ ಹೇಳಿದ್ಲಲ್ಲ, ಇದೊಂದು ಮಾತು ಹೇಳಿರಲಿಲ್ಲ. ತನ್ನ ಮೂರು ನಿಮಿಷದಿಂದನ ಇದೆಲ್ಲಾ ಆತು ಅಂತ ಅಷ್ಟು ದಿವಸ ಮನಸ್ಸಿನಾಗ ಇಟಗೊಂಡಿದ್ಲು. ಗಂಡ ನನ್ನ ತಪ್ಪು ತಾ ತಗೋತೀನಿ ಅಂದ್ರ ಜೇಲಿನ ಹೆದರಿಕಿಗೆ ಬ್ಯಾಡಂದೆ. ಮಗಳ ತಲಿ ಮ್ಯಾಲೆ ನಾನ ಹೊರಿಸಿ ಬಿಟ್ಟಿದ್ದೆ, ಆಕಿ ಪಿಟ್ಟಂತ ಅನ್ನಲಿಲ್ಲ.

ಆಕಿಗೆ ಏನು ಹೇಳಬೇಕು ತಿಳೀಲಿಲ್ಲ. "ಆ ಕಾಲು ನನ್ನದಿತ್ತು, ನಿನ್ನದಲ್ಲ" ಅಂತ ಅಂದೆ. ಆಕಿ ತುಪ್ಪಾ ಹಾಕೊಂಡು ಉಂಡ್ಲು.

ಈಗ ನಾ 30ರಾಗ 30ನ ಹೋಗ್ತೀನಿ. ಹೇಳಿದಷ್ಟು ಸರಳ ಅಲ್ಲ. ನಮ್ಮದು ಹಳೀ ಗಾಡಿ, ಗೇರ್ ಕೈಲೆ ಹಾಕೂದು. ಕಲಸಾಂವ ಒಂದು ಯುಕ್ತಿ ಹೇಳಿದ್ದ: 30ರ ರಸ್ತೆದಾಗ ಮೂರನೇ ಗೇರಿನಾಗ ಇರ್ರಿ, ಜೋರಾದ್ರ ಎಂಜಿನ್ನ ಚೀರಿ ಹೇಳ್ತದ. ಖರೇನ ಹೇಳ್ತದ. ನಾಲ್ಕನೇದರಾಗ ಹಾಕಿದ್ರ ಗಾಡಿ ಹಗೂರಕ ಜಾರಿಕೋತ 36, 37 ಆಗಿರ್ತದ, ಗೊತ್ತ ಆಗೂದಿಲ್ಲ. ಇಳಕಲಿನಾಗಂತೂ ಏನೂ ಮಾಡದನ ಏರ್ತದ. ಮೊನ್ನೆ ಇಳಕಲಿನಾಗ 34 ತೋರಿಸ್ತಿತ್ತು. ಮಗಳು ಬರೇ "ಅಮ್ಮಾ" ಅಂದ್ಲು. ಸಾಕಾತು.

ಎಲ್ಲಾಕ್ಕಿಂತ ಕಷ್ಟ ಅಂದ್ರ ಹಿಂದಿನವರು. ಒಬ್ಬಾಂವ ಬೆನ್ನಿಗೆ ಹತ್ತಿಕೊಂಡ ಬರ್ತಾನ, ದೀಪಾ ಹಾಕಿ ಆರಸ್ತಾನ. ಮದಲ ಮದಲ ನನಗ ಬೆವರು ಬರ್ತಿತ್ತು. ನಾಕು ಮಂದಿಗೆ ಅಡ್ಡ ಆಗಬಾರದು ಅಂತ ಬೆಳಸ್ಯಾರಲ್ಲ ನಮ್ಮನ್ನ, ಹಿಂದ ಯಾರರೆ ಗಡಿಬಿಡಿ ಮಾಡಿದ್ರ ಕಾಲು ತಾನ ಒತ್ತತದ. ಹೋದ ವಾರ ಒಂದು ಬಿಳೀ ವ್ಯಾನಿನಾಂವ ನನ್ನ ದಾಟಿ ಗರ್ರಂತ ಹೋದ. ಮುಂದಿನ ಕೆಂಪು ದೀಪದಾಗ ಅವನ ಹಿಂದ ನಾ ಹೋಗಿ ನಿಂತೆ. ಹಸರಾತು, ಇಬ್ಬರೂ ಕೂಡೇ ಹೊಂಟ್ವಿ. ಮಗಳು ನಕ್ಳು.

ಆಫೀಸಿನಾಗ ಕೇಳಿ ಗುರುವಾರ ಹದಿನೈದು ನಿಮಿಷ ಮೊದಲ ಬಿಡ್ತೀನಿ. ಇಷ್ಟು ವರ್ಷ ಕೇಳಲಾರದ್ದನ್ನ ಕೇಳಿದೆ, ಅವರು ಹೂಂ ಅಂದ್ರು, ಅಷ್ಟ. ಆದ್ರೂ ಒಂದ ದಿವಸ ರಸ್ತೆ ಕೆಲಸ ನಡದು ಏಳು ನಿಮಿಷ ತಡಾ ಆತು. ಜಾದಾ ರೊಕ್ಕ ಕಟ್ಟಿದೆ. ಆ ಬಾಯಿ ಕೋಟು ಹಾಕೊಂಡು ನಿಂತಿದ್ಲು, ಸಣ್ಣಾಂವ ಆಕಿ ಸಂಗಾಟ ಗ್ವಾಡಿ ಮ್ಯಾಲಿನ ಚಿತ್ರ ತೋರಸಕೋತ ಮಾತಾಡ್ಲಿಕತ್ತಿದ್ದ. ನನ್ನ ನೋಡಿ, "ಇಷ್ಟು ಲಗೂನ ಯಾಕ ಬಂದಿ?" ಅಂದ.

ಒಂದ ಭಾನುವಾರ ಮಗಳೂ ನಾನೂ ಟೇಪ್ ಹಿಡಕೊಂಡು ನಮ್ಮ ಮನಿ ಮುಂದ 23 ಮೀಟರ್ ಅಳದ್ವಿ. ನಮ್ಮ ಗೇಟಿನಿಂದ ಮೂರು ಮನಿ ದಾಟಿ ಗುಲಾಬಿ ಕಂಟಿ ತನಕ ಬಂತು. 36 ಮೀಟರಿಗೆ ಓಣಿ ತಿರುವಿನ ಹತ್ರ ಹೋತು. ಬಾಜೂ ಮನಿ ಅಜ್ಜಿ ಕಿಟಕಿಯಿಂದ ನೋಡಿ, ಬೇಲಿ ಹಾಕ್ಲಿಕ್ಕೆ ಹೊಂಟೀರೇನು ಅಂತ ಕೇಳಿದ್ಲು. ಧಾರವಾಡದಾಗ ನಮ್ಮ ತುಳಸಿಕಟ್ಟಿಯಿಂದ ಹಿಟ್ಟಿನ ಗಿರಣಿ ತನಕ ಎಷ್ಟಾಗ್ತದೋ ಏನೋ. ವೈನಿ, ಒಮ್ಮೆ ಅಳದು ಹೇಳ್ರಿ.

ಮಗಳಿಗೆ ಈಗ ಕಲಿಯೋ ಲೈಸನ್ಸ್ ಬಂದದ. ಗಾಡಿಗೆ ಮುಂದ ಹಿಂದ ಕೆಂಪು ಎಲ್ ಅಕ್ಷರದ ಬೋರ್ಡ್ ಹಚ್ಚಿ, ಆಕಿ ಓಡಸ್ತಾಳ, ನಾ ಬಾಜೂಕ ಕೂಡ್ತೀನಿ. ಇಲ್ಲೆ ಹೊಸಾ ಲೈಸನ್ಸಿನವರಿಗೆ ಮೊದಲಿನ ಎರಡು ವರ್ಷದಾಗ ಆರು ಪಾಯಿಂಟು ಬಿದ್ರ ಲೈಸನ್ಸ ಹೋಗ್ತದ, ಮತ್ತ ಮೊದಲಿಂದ ಪರೀಕ್ಷಾ ಕೊಡಬೇಕು. ಅದನ್ನ ನಾ ಆಕಿಗೆ ಹೇಳಿದೆ. ಗೊತ್ತದ ಅಂದ್ಲು. ಆಕಿ 28ರಾಗ ಹೊಂಟಿರ್ತಾಳ, ನನಗ 50 ಅನಿಸ್ತದ. ಮೊನ್ನೆ ರೌಂಡಬೌಟ್ ಬಂದಾಗ ನನ್ನ ಬಲಗಾಲು ತಾನ ಮ್ಯಾಟಿನ ಮ್ಯಾಲೆ ಗಟ್ಟಿ ಒತ್ತಿಬಿಡ್ತು. ಆಕಿ ರಸ್ತೆ ಮ್ಯಾಲಿನ ಕಣ್ಣು ತಗೀದ, "ಅಲ್ಲೆ ಬ್ರೇಕ್ ಇಲ್ಲಮ್ಮಾ, ನಾ ನೋಡೇನಿ" ಅಂದ್ಲು.